ಓವನ್ ಇಲ್ಲದ ಪೀನಟ್ ಬಟರ್ ಚಾಕೊಲೇಟ್ ಸಿಹಿ: ಮೂರು ಪದರ ಒಟ್ಟಿಗೆ ನಿಲ್ಲಬೇಕಾದರೆ

ಪ್ರಶ್ನೆ: ನಮಸ್ಕಾರ ಮೇಡಂ. ನಾನು ದಾವಣಗೆರೆಯವಳು. ನಮ್ಮ ಮನೆಯಲ್ಲಿ ಓವನ್ ಇಲ್ಲ, ಮೊಟ್ಟೆಯನ್ನೂ ಬಳಸುವುದಿಲ್ಲ. ಮಗನ ಹುಟ್ಟುಹಬ್ಬಕ್ಕೆ ಕೆಳಗೆ ಬಿಸ್ಕತ್ತು, ನಡುವೆ ಪೀನಟ್ ಬಟರ್, ಮೇಲೆ ಚಾಕೊಲೇಟ್ ಇರುವ ಸಿಹಿ ಮಾಡಿದೆ. ಪೀನಟ್ ಬಟರ್ ಕೂಡ ಮನೆಯಲ್ಲೇ ಶೇಂಗಾ ಹುರಿದು ರುಬ್ಬಿದ್ದು. ರುಚಿ ಎಲ್ಲರಿಗೂ ಹಿಡಿಸಿತು. ಆದರೆ ಒಂದು ತುಂಡೂ ನೆಟ್ಟಗೆ ಬರಲಿಲ್ಲ. ಬಿಸ್ಕತ್ತು ಪುಡಿಪುಡಿ ಆಯಿತು. ನಡುವಿನ ಪದರ ಎಣ್ಣೆ ಬಿಟ್ಟು ಜಾರಿತು. ಮೇಲಿನ ಚಾಕೊಲೇಟ್ ಚಾಕು ಇಟ್ಟ ಕೂಡಲೇ ಒಡೆದು ಹಪ್ಪಳದ ಹಾಗೆ ಎದ್ದು ಬಂತು. ಎಲ್ಲಿ ತಪ್ಪಾಯಿತು? ಮೇ ತಿಂಗಳಲ್ಲಿ ಇದನ್ನೇ ಮಾಡಿ ಹುಬ್ಬಳ್ಳಿಗೆ ತಂಗಿಯ ಮನೆಗೆ ಕಾರಿನಲ್ಲಿ ಒಯ್ಯಬೇಕು ಅಂತ ಆಸೆ. ಆಗುತ್ತದಾ?

ಉತ್ತರ: ಖಂಡಿತ ಆಗುತ್ತದೆ. ನಿಮ್ಮ ಮೂರೂ ತೊಂದರೆಗಳ ಬೇರು ಒಂದೇ ಕಡೆ ಇದೆ. ಅದು ಗೊತ್ತಾದರೆ ಅಳತೆಯ ಚೀಟಿ ಇಲ್ಲದೆಯೂ ನೀವು ಇದನ್ನು ಸರಿಮಾಡಿಕೊಳ್ಳಬಹುದು.

ಕೇಕು ಬೇಯುವಾಗ ಹಿಟ್ಟು, ಮೊಟ್ಟೆ ಬಿಸಿಗೆ ಗಟ್ಟಿಯಾಗುತ್ತವೆ. ಒಮ್ಮೆ ಗಟ್ಟಿಯಾದದ್ದು ಮತ್ತೆ ಕರಗುವುದಿಲ್ಲ. ಈ ಸಿಹಿಯಲ್ಲಿ ಬೇಯುವಂಥದ್ದು ಏನೂ ಇಲ್ಲ. ಹಿಡಿದಿಡುವ ಕೆಲಸ ಪೂರ್ತಿಯಾಗಿ ಕೊಬ್ಬಿನದ್ದೇ. ಬಿಸ್ಕತ್ತಿನ ಪದರದಲ್ಲಿ ಬೆಣ್ಣೆ, ನಡುವಿನದರಲ್ಲಿ ಶೇಂಗಾ ಎಣ್ಣೆ ಮತ್ತು ಬೆಣ್ಣೆ, ಮೇಲಿನದರಲ್ಲಿ ಕೋಕೋ ಬಟರ್. ಇವು ತಣ್ಣಗಾಗಿ ಎಷ್ಟು ಗಟ್ಟಿಯಾಗುತ್ತವೋ ನಿಮ್ಮ ಸಿಹಿಯೂ ಅಷ್ಟೇ ಗಟ್ಟಿ.

ಮೂರರ ಸ್ವಭಾವವೂ ಬೇರೆ ಬೇರೆ. ಒಳ್ಳೆಯ ಚಾಕೊಲೇಟಿನ ಕೋಕೋ ಬಟರ್ ಸುಮಾರು 34 ಡಿಗ್ರಿ ಸೆಲ್ಸಿಯಸ್‌ವರೆಗೆ ಗಟ್ಟಿಯಾಗಿದ್ದು, ಅದನ್ನು ದಾಟಿದರೆ ಬೇಗ ಕರಗಿಬಿಡುತ್ತದೆ. ಬಾಯಲ್ಲಿಟ್ಟ ಕೂಡಲೇ ಚಾಕೊಲೇಟ್ ಕರಗುವುದು ಅದಕ್ಕೇ, ನಮ್ಮ ಮೈಶಾಖ ಅದಕ್ಕಿಂತ ತುಸು ಜಾಸ್ತಿ. ಬೆಣ್ಣೆ ಹಾಗಲ್ಲ, ಇಪ್ಪತ್ತರ ಆಸುಪಾಸಿನಲ್ಲೇ ಮೆತ್ತಗಾಗಲು ಶುರುವಾಗಿ ನಿಧಾನವಾಗಿ ಸಡಿಲವಾಗುತ್ತಾ ಹೋಗುತ್ತದೆ, ಮೂವತ್ತೆರಡರಿಂದ ಮೂವತ್ತೈದರೊಳಗೆ ಪೂರ್ತಿ ಕರಗುತ್ತದೆ. ಶೇಂಗಾ ಎಣ್ಣೆಯಂತೂ ಹೊರಗೆ ಯಾವಾಗಲೂ ದ್ರವವೇ. ಫ್ರಿಜ್ಜಿನಲ್ಲಿ ಮಂದವಾಗಬಹುದು, ಆದರೆ ಚಾಕುವಿನಲ್ಲಿ ಕತ್ತರಿಸುವಷ್ಟು ಗಟ್ಟಿ ಕಟ್ಟುವುದಿಲ್ಲ. ಅಂದರೆ ನಿಮ್ಮ ತಟ್ಟೆಯಲ್ಲಿ ಮೇಲೆ ಕಲ್ಲಿನಷ್ಟು ಗಟ್ಟಿ ಹಾಳೆ, ನಡುವೆ ಮೆತ್ತನೆಯ ಮುದ್ದೆ, ಕೆಳಗೆ ಹಿಡಿತವಿಲ್ಲದ ಪುಡಿ ಇತ್ತು. ಚಾಕು ಒತ್ತಿದಾಗ ಮೇಲಿನದು ಬಗ್ಗಲಿಲ್ಲ, ನಡುವಿನದು ಪಕ್ಕಕ್ಕೆ ಹೊರಬಂತು. ಯಾವ ಚಾಕು ತಂದರೂ ಅದು ಹಾಗೆಯೇ ಆಗುತ್ತಿತ್ತು.

ಹಾಗಾಗಿ ನಾನು ಹೇಳಿಕೊಡುವುದು ಒಂದೇ ಮಾತು. ಮೂರೂ ಪದರ ಚಾಕುವಿಗೆ ಹೆಚ್ಚುಕಮ್ಮಿ ಒಂದೇ ಥರ ಬಗ್ಗಬೇಕು. ಮೇಲಿನದನ್ನು ಸ್ವಲ್ಪ ಮೆತ್ತಗೆ ಮಾಡಿ, ನಡುವಿನದನ್ನು ಸ್ವಲ್ಪ ಗಟ್ಟಿ ಮಾಡಿ, ಕೆಳಗಿನದಕ್ಕೆ ಹಿಡಿತ ಕೊಡಿ. ಉಳಿದದ್ದೆಲ್ಲ ಅಲಂಕಾರ.

ಮೊದಲು ನಡುವಿನ ಪದರವನ್ನೇ ನೋಡೋಣ. ನಿಮ್ಮ ಕಷ್ಟದ ದೊಡ್ಡ ಪಾಲು ಅಲ್ಲೇ ಇದೆ.

ಶೇಂಗಾದಲ್ಲಿ ತೂಕದ ಅರ್ಧದಷ್ಟು ಎಣ್ಣೆಯೇ. ಮಿಕ್ಸಿಯಲ್ಲಿ ರುಬ್ಬಿದಾಗ ಆ ಎಣ್ಣೆ ಹೊರಬಂದು, ಅದರಲ್ಲಿ ಶೇಂಗಾದ ಸಣ್ಣ ಕಣಗಳು ತೇಲುತ್ತವೆ. ಪೀನಟ್ ಬಟರ್ ಅಂದರೆ ಇಷ್ಟೇ. ಸುಮ್ನೆ ಇಟ್ಟರೆ ಕಣ ಕೆಳಗಿಳಿದು ಎಣ್ಣೆ ಮೇಲೆ ನಿಲ್ಲುತ್ತದೆ. ಅಮೆರಿಕದ ಅಂಗಡಿಗಳಲ್ಲೂ ಮೊದಮೊದಲು ಇದೇ ಗೋಳು ಇತ್ತು. 1920ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಜೋಸೆಫ್ ರೋಸ್‌ಫೀಲ್ಡ್ ಅನ್ನುವವರು ಎಣ್ಣೆಯ ಸ್ವಲ್ಪ ಭಾಗವನ್ನು ಹೈಡ್ರೋಜನೇಟ್ ಮಾಡಿ, ಅಂದರೆ ವನಸ್ಪತಿಯ ಹಾಗೆ ಗಟ್ಟಿ ಮಾಡಿ ಸೇರಿಸುವ ದಾರಿ ಕಂಡುಕೊಂಡರು. ಆ ಗಟ್ಟಿ ಕೊಬ್ಬಿನ ಹರಳುಗಳು ಉಳಿದ ಎಣ್ಣೆಯನ್ನು ಅಲ್ಲಾಡದ ಹಾಗೆ ಹಿಡಿದಿಟ್ಟುಕೊಳ್ಳುತ್ತವೆ. ಇವತ್ತು ಅಂಗಡಿಯಲ್ಲಿ ಸಿಗುವ ‘ಕ್ರೀಮಿ’ ಪೀನಟ್ ಬಟರ್ ಬಾಟಲಿಗಳಲ್ಲಿ ಇರುವುದು ಇದೇ ಉಪಾಯ, ಕೆಲವರು ತಾಳೆ ಎಣ್ಣೆ ಬಳಸುತ್ತಾರೆ. ಅದರ ಪ್ರಮಾಣ ತುಂಬ ಕಮ್ಮಿ, ಆದರೆ ಪದರ ನಿಲ್ಲುವುದು ಅದರಿಂದಲೇ.

ನಿಮ್ಮ ಮನೆಯ ಪೀನಟ್ ಬಟರಿನಲ್ಲಿ ಆ ಗಟ್ಟಿ ಕೊಬ್ಬು ಇರಲಿಲ್ಲ. ವಿಡಿಯೋಗಳಲ್ಲಿ ತೋರಿಸುವ ಅಳತೆ ಹೆಚ್ಚಾಗಿ ಅಂಗಡಿಯ ಕ್ರೀಮಿ ಬಾಟಲಿಗೆ ಲೆಕ್ಕ ಹಾಕಿದ್ದು. ಅದೇ ಅಳತೆಗೆ ಮನೆಯದ್ದನ್ನು ಹಾಕಿದರೆ ಜಾರಲೇಬೇಕು. ಅಂಗಡಿಯಲ್ಲೇ ಸಿಗುವ, ‘ನ್ಯಾಚುರಲ್’ ಅಂತ ಬರೆದು ಶೇಂಗಾ ಒಂದನ್ನೇ ರುಬ್ಬಿದ ಬಾಟಲಿ ಕೂಡ ನಿಮ್ಮದರ ಹಾಗೆಯೇ. ಲೇಬಲ್ ಓದಿ ನೋಡಿ.

ಹಾಗಂತ ಅಂಗಡಿಯದ್ದನ್ನೇ ತನ್ನಿ ಅಂತ ನಾನು ಹೇಳುವುದಿಲ್ಲ. ನಿಮ್ಮ ಪಕ್ಕದಲ್ಲೇ ಚಳ್ಳಕೆರೆ ಇದೆ. ಎಣ್ಣೆ ಗಿರಣಿಗಳಿಗೆ ಹೆಸರಾದ ಊರು. ಸುತ್ತ ನೂರಾರು ಹಳ್ಳಿಗಳಲ್ಲಿ ಶೇಂಗಾ ಬೆಳೆಯುತ್ತಾರೆ. ಅಷ್ಟು ಒಳ್ಳೆಯ ಕಾಳು ಕೈಗೆ ಸಿಗುವಾಗ ಮನೆಯಲ್ಲಿ ಹುರಿದು ರುಬ್ಬಿದ್ದರ ಪರಿಮಳಕ್ಕೆ ಯಾವ ಬಾಟಲಿಯೂ ಸಮ ಬರುವುದಿಲ್ಲ. ಅದಕ್ಕೆ ಬೇಕಾದ ಗಟ್ಟಿ ಕೊಬ್ಬನ್ನು ನಾವೇ ಸೇರಿಸಿದರಾಯಿತು. ಅದಕ್ಕೆ ಬಿಳಿ ಚಾಕೊಲೇಟ್ ಬಹಳ ಒಳ್ಳೆಯದು. ಅದರಲ್ಲಿ ಕೋಕೋ ಬಟರ್, ಹಾಲಿನ ಪುಡಿ, ಸಕ್ಕರೆ ಮೂರೂ ಇವೆ. ಕೋಕೋ ಬಟರ್ ಎಣ್ಣೆಯನ್ನು ಹಿಡಿಯುತ್ತದೆ, ಹಾಲಿನ ಪುಡಿ ಒಂದಿಷ್ಟನ್ನು ಹೀರಿಕೊಳ್ಳುತ್ತದೆ, ಸಕ್ಕರೆ ಹೇಗೂ ಬೇಕಿತ್ತು.

ಈಗ ಶೇಂಗಾ ಹುರಿಯುವ ಮಾತು. 300 ಗ್ರಾಂ ಕಾಳು ತೆಗೆದುಕೊಳ್ಳಿ. ಮೊದಲು ತಟ್ಟೆಯಲ್ಲಿ ಹರಡಿ ಆರಿಸಿ. ಮುರುಟಿದ್ದು, ಬಣ್ಣಗೆಟ್ಟಿದ್ದು, ಬೂಸ್ಟು ಹಿಡಿದ ವಾಸನೆ ಇರುವುದು ಒಂದೂ ಬೇಡ. ಬೂಸ್ಟಿನಿಂದ ಬರುವ ಅಫ್ಲಟಾಕ್ಸಿನ್ ಅನ್ನುವ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಮಕ್ಕಳು ತಿನ್ನುವ ತಿಂಡಿ, ಇದರಲ್ಲಿ ರಾಜಿ ಬೇಡ. ಹೊಸ ಬೆಳೆಯ ಕಾಲದಲ್ಲಿ, ಬೆಂಗಳೂರಿನ ಬಸವನಗುಡಿಯಲ್ಲಿ ಪರಿಷೆ ನಡೆಯುವ ಕಾರ್ತಿಕ ಮಾಸದ ಹೊತ್ತಿಗೆ, ಕಾಳಿನಲ್ಲಿ ತೇವ ಇರುತ್ತದೆ. ಅದು ತಿನ್ನಲು ಚೆನ್ನ, ಪೀನಟ್ ಬಟರಿಗೆ ಅಷ್ಟು ಚೆನ್ನಲ್ಲ. ಒಂದೆರಡು ದಿನ ಬಿಸಿಲಿಗೆ ಹಾಕಿ ಆಮೇಲೆ ಹುರಿಯಿರಿ.

ದಪ್ಪ ತಳದ ಬಾಣಲೆ, ಸಣ್ಣ ಉರಿ, ಕೈ ಬಿಡದೆ ಕೆದಕಬೇಕು. ಹದಿನೈದು ನಿಮಿಷ ಹಿಡಿಯಬಹುದು. ಚಟ್ನಿಪುಡಿಗೆ ಹುರಿಯುವುದಕ್ಕಿಂತ ಒಂದು ಹದ ಮುಂದಕ್ಕೆ ಹೋಗಿ. ಸಿಪ್ಪೆ ಬಿರಿದು, ಒಳಗಿನ ಕಾಳು ತಿಳಿ ಕಂದು ಆಗಬೇಕು. ಒಂದನ್ನು ಮುರಿದು ನೋಡಿ, ನಡುವೆ ಹಸಿ ಬಿಳುಪು ಇರಬಾರದು. ಆದರೆ ಕಪ್ಪು ಚುಕ್ಕೆ ಬಂದರೆ ಕಹಿ ಬಂತು ಅಂತಲೇ ಅರ್ಥ, ಚಾಕೊಲೇಟಿನ ಕಹಿ ಬೇರೆ ಸೇರಿ ಸಹಿಸಲು ಆಗುವುದಿಲ್ಲ. ಆರಿದ ಮೇಲೆ ಬಟ್ಟೆಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ತೆಗೆಯಿರಿ.

ಮಿಕ್ಸಿಯ ಚಿಕ್ಕ ಜಾರಿನಲ್ಲಿ ಎರಡು ಸಲಕ್ಕೆ ರುಬ್ಬಿ. ಮೊದಲು ಪುಡಿಯಾಗುತ್ತದೆ, ಆಮೇಲೆ ಜಾರಿನ ಗೋಡೆಗೆ ಮುದ್ದೆ ಅಂಟುತ್ತದೆ. ಅಲ್ಲಿ ತುಂಬ ಜನ ನಿಲ್ಲಿಸಿಬಿಡುತ್ತಾರೆ. ಕೆರೆದು ಕೆಳಗೆ ತಳ್ಳಿ ಮತ್ತೆ ತಿರುಗಿಸಿ. ಎಣ್ಣೆ ಬಿಟ್ಟುಕೊಂಡು, ಚಮಚದಿಂದ ಧಾರೆಯಾಗಿ ಇಳಿಯುವ ತನಕ. ನಿಮಿಷಕ್ಕೊಮ್ಮೆ ಮಿಕ್ಸಿಗೆ ಬಿಡುವು ಕೊಡಿ. ಒಂದು ಹನಿ ನೀರು ಕೂಡ ತಾಗಬಾರದು. ನೀರೋ ಹಾಲೋ ಸ್ವಲ್ಪ ಬಿದ್ದರೆ ಶೇಂಗಾದ ಕಣಗಳು ಅದನ್ನು ಕುಡಿದು ಒಂದಕ್ಕೊಂದು ಅಂಟಿಕೊಂಡು ಇಡೀ ಬಟ್ಟಲೇ ಗಂಟಾಗುತ್ತದೆ. ಚಾಕೊಲೇಟಿಗೂ ಇದೇ ಶತ್ರು. ಆ ವಿಷಯಕ್ಕೆ ಮತ್ತೆ ಬರುತ್ತೇನೆ.

ಇನ್ನು ಅಳತೆ. ಇಪ್ಪತ್ತು ಸೆಂಟಿಮೀಟರ್ ಚೌಕದ ತಟ್ಟೆಗೆ ಹೇಳುತ್ತೇನೆ. ಕೇಕಿನ ತಟ್ಟೆಯೇ ಬೇಕು ಅಂತಿಲ್ಲ. ಮೈಸೂರು ಪಾಕ್ ಸುರಿಯುವ ಅಂಚಿನ ತಟ್ಟೆ ಇದ್ದರೆ ಸಾಕು. ಬಟರ್ ಪೇಪರ್ ಹಾಸುವಾಗ ಎರಡು ಪಕ್ಕ ಹೊರಕ್ಕೆ ಇಳಿಬಿಡಿ, ಕೊನೆಗೆ ಇಡೀ ಸಿಹಿಯನ್ನು ಅದೇ ಹಿಡಿದು ಮೇಲೆತ್ತಬೇಕು. ತಟ್ಟೆಯೊಳಗೇ ಕತ್ತರಿಸಲು ಹೋದರೆ ಮೂಲೆಯ ತುಂಡುಗಳ ಆಸೆ ಬಿಡಬೇಕು.

ಕೆಳಗಿನ ಪದರಕ್ಕೆ 200 ಗ್ರಾಂ ಡೈಜೆಸ್ಟಿವ್ ಬಿಸ್ಕತ್ತು, 90 ಗ್ರಾಂ ಕರಗಿಸಿದ ಬೆಣ್ಣೆ. ಅಮೆರಿಕದವರು ಇದಕ್ಕೆ ಗ್ರಹಾಂ ಕ್ರ್ಯಾಕರ್ ಅನ್ನುವ ಗೋಧಿ ಬಿಸ್ಕತ್ತು ಬಳಸುತ್ತಾರೆ, ನಮ್ಮಲ್ಲಿ ಡೈಜೆಸ್ಟಿವ್ ಅದಕ್ಕೆ ಹತ್ತಿರ. ಮಾರಿ ಬಿಸ್ಕತ್ತಿನಲ್ಲಿ ಕೊಬ್ಬು ಕಮ್ಮಿ, ಹಾಗಾಗಿ ಬೆಣ್ಣೆ 110 ಗ್ರಾಂವರೆಗೆ ಬೇಕಾಗುತ್ತದೆ. ನಿಮ್ಮದು ಪುಡಿಪುಡಿ ಆದದ್ದಕ್ಕೆ ನೀವು ಮಾರಿ ಬಳಸಿ ಡೈಜೆಸ್ಟಿವಿನ ಅಳತೆ ಹಿಡಿದಿರಬಹುದು, ಇಲ್ಲವೇ ಬಿಸ್ಕತ್ತನ್ನು ಕೈಯಲ್ಲಿ ಒರಟಾಗಿ ಪುಡಿ ಮಾಡಿರಬಹುದು. ಪುಡಿ ಸಣ್ಣ ರವೆಯಷ್ಟು ನುಣ್ಣಗಿರಬೇಕು. ಬೆಣ್ಣೆ ಕಲಸಿದ ಮೇಲೆ ಮುಷ್ಟಿಯಲ್ಲಿ ಹಿಡಿದು ಬಿಡಿ. ಉಂಡೆ ನಿಂತರೆ ಹದ ಸರಿ, ಉದುರಿದರೆ ಇನ್ನೊಂದು ಚಮಚ ಬೆಣ್ಣೆ.

ಬೆಣ್ಣೆಯ ಬದಲು ತುಪ್ಪ ಹಾಕಬಹುದಾ ಅಂತ ತುಂಬ ಜನ ಕೇಳುತ್ತಾರೆ. ಹಾಕಬಹುದು. ಬೆಣ್ಣೆಯಲ್ಲಿ ಶೇಕಡಾ 80ರಷ್ಟು ಮಾತ್ರ ಕೊಬ್ಬು, ಉಳಿದದ್ದರಲ್ಲಿ ಹೆಚ್ಚಿನದು ನೀರು. ತುಪ್ಪ ಪೂರ್ತಿ ಕೊಬ್ಬು. ಅದಕ್ಕೆ 90ರ ಜಾಗದಲ್ಲಿ 72 ಗ್ರಾಂ ಸಾಕು. ಪರಿಮಳ ಮಾತ್ರ ಲಾಡಿನ ಕಡೆಗೆ ಎಳೆಯುತ್ತದೆ. ನನಗೆ ಇಲ್ಲಿ ಬೆಣ್ಣೆಯೇ ಇಷ್ಟ, ಅದರಲ್ಲೂ ಅಂಗಡಿಯಲ್ಲಿ ಸಿಗುವ ಉಪ್ಪು ಹಾಕಿದ ಹಳದಿ ಬೆಣ್ಣೆ. ಶೇಂಗಾಕ್ಕೂ ಚಾಕೊಲೇಟಿಗೂ ಉಪ್ಪು ಬೇಕೇ ಬೇಕು. ಅದನ್ನು ಬಳಸಿದರೆ ಬೇರೆ ಉಪ್ಪು ಹಾಕಬೇಡಿ, ಮನೆಯ ಬೆಣ್ಣೆಯಾದರೆ ನಡುವಿನ ಪದರಕ್ಕೆ ಕಾಲು ಚಮಚ ಹಾಕಿ.

ಪುಡಿಯನ್ನು ತಟ್ಟೆಗೆ ಸುರಿದು ಚಪ್ಪಟೆ ತಳದ ಸ್ಟೀಲ್ ಲೋಟದಿಂದ ಗಟ್ಟಿಯಾಗಿ ಒತ್ತಿ. ನಡುವೆ ಎಲ್ಲರೂ ಒತ್ತುತ್ತಾರೆ, ಅಂಚು ಮರೆಯುತ್ತಾರೆ. ಒಡೆಯುವುದು ಅಂಚಿನಿಂದಲೇ. ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ.

ದಾವಣಗೆರೆಯವರಿಗೆ ಇನ್ನೊಂದು ದಾರಿ ಹೇಳದೆ ಇರಲಾರೆ. ಬಿಸ್ಕತ್ತಿನ ಜಾಗದಲ್ಲಿ ಮಂಡಕ್ಕಿ. ಅಮೆರಿಕದ ಅಯೋವಾ ಕಡೆ ಅಕ್ಕಿಯ ಉಬ್ಬಿದ ಸೀರಿಯಲ್, ಪೀನಟ್ ಬಟರ್, ಸಿರಪ್ ಕಲಸಿ ಮೇಲೆ ಚಾಕೊಲೇಟ್ ಹಚ್ಚುವ ಸ್ಕಾಚರೂಸ್ ಅನ್ನುವ ತಿಂಡಿ ಮನೆಮನೆಯಲ್ಲೂ ಮಾಡುತ್ತಾರೆ. ನಿಮ್ಮೂರಿನ ಮಂಡಕ್ಕಿ ಅದಕ್ಕಿಂತ ಹಗುರ, ಉಪ್ಪೂ ಇದೆ. ಮೂರು ಕಪ್ ಮಂಡಕ್ಕಿಯನ್ನು ಬಾಣಲೆಯಲ್ಲಿ ಗರಿಗರಿ ಆಗುವ ತನಕ ಬಿಸಿ ಮಾಡಿ ಪೂರ್ತಿ ಆರಿಸಿ. 100 ಗ್ರಾಂ ಚಾಕೊಲೇಟ್, 60 ಗ್ರಾಂ ಪೀನಟ್ ಬಟರ್ ಒಟ್ಟಿಗೆ ಕರಗಿಸಿ ಅದರಲ್ಲಿ ಕಲಸಿ ತಟ್ಟೆಗೆ ಒತ್ತಿ. ಹಗುರವಾಗಿ ಒತ್ತಿ, ಲೋಟದಿಂದ ಕುಟ್ಟಿದರೆ ಮಂಡಕ್ಕಿ ಪುಡಿಯಾಗುತ್ತದೆ. ಮಕ್ಕಳಿಗೆ ಇದು ಬಿಸ್ಕತ್ತಿಗಿಂತ ಜಾಸ್ತಿ ಹಿಡಿಸುತ್ತದೆ.

ನಡುವಿನ ಪದರಕ್ಕೆ 250 ಗ್ರಾಂ ಮನೆಯ ಪೀನಟ್ ಬಟರ್, 100 ಗ್ರಾಂ ಬಿಳಿ ಚಾಕೊಲೇಟ್, 60 ಗ್ರಾಂ ಮೆತ್ತಗಾದ ಬೆಣ್ಣೆ, 60 ಗ್ರಾಂ ಸಕ್ಕರೆ ಪುಡಿ. ವೆನಿಲ್ಲಾ ಅರ್ಧ ಚಮಚ, ಇದ್ದರೆ. ಅಂಗಡಿಯ ಕ್ರೀಮಿ ಬಾಟಲಿಯಾದರೆ ಬಿಳಿ ಚಾಕೊಲೇಟ್ ಬೇಡ, ಅದರ ಬದಲು ಸಕ್ಕರೆ ಪುಡಿಯನ್ನು 100 ಗ್ರಾಂಗೆ ಏರಿಸಿ. ಬಾಟಲಿಯಲ್ಲಿ ಮೊದಲೇ ಸಕ್ಕರೆ ಇದ್ದರೆ ರುಚಿ ನೋಡಿಕೊಂಡು ಹಾಕಿ.

ಸಕ್ಕರೆಯನ್ನು ಮಿಕ್ಸಿಯಲ್ಲಿ ಪುಡಿ ಮಾಡಿ ಸಣ್ಣ ಕಣ್ಣಿನ ಜರಡಿಯಲ್ಲಿ ಎರಡು ಸಲ ಸೋಸಿ. ಬೆಣ್ಣೆಯಲ್ಲಿರುವ ಚೂರು ನೀರು ಬಿಟ್ಟರೆ ಇಲ್ಲಿ ನೀರಿಲ್ಲ, ಹಾಗಾಗಿ ಸಕ್ಕರೆ ಪೂರ್ತಿ ಕರಗುವುದಿಲ್ಲ. ಒಂದು ಹರಳು ಉಳಿದರೂ ಹಲ್ಲಿಗೆ ಸಿಗುತ್ತದೆ. ಅಂಗಡಿಯ ಐಸಿಂಗ್ ಶುಗರ್ ಸಿಕ್ಕರೆ ಇನ್ನೂ ಒಳ್ಳೆಯದು. ಅದರಲ್ಲಿ ಸ್ವಲ್ಪ ಮೆಕ್ಕೆಜೋಳದ ಪಿಷ್ಟ ಸೇರಿರುತ್ತದೆ, ಪದರಕ್ಕೆ ಬಲ ಬರುತ್ತದೆ. ಬೆಲ್ಲದ ಪುಡಿ ಹಾಕುವ ಆಸೆ ಬಂದರೆ ತಡೆದುಕೊಳ್ಳಿ. ಬೆಲ್ಲ ಗಾಳಿಯ ತೇವ ಎಳೆಯುತ್ತದೆ, ಆ ತೇವ ಶೇಂಗಾವನ್ನು ಗಂಟು ಕಟ್ಟಿಸುತ್ತದೆ. ಬೆಲ್ಲಕ್ಕೂ ಶೇಂಗಾಕ್ಕೂ ಇರುವ ನಂಟು ಚಿಕ್ಕಿಯಲ್ಲಿ, ಉಂಡೆಯಲ್ಲಿ ಚೆಂದ. ಈ ತಟ್ಟೆಗೆ ಅದು ಒಗ್ಗುವುದಿಲ್ಲ.

ಬಿಳಿ ಚಾಕೊಲೇಟನ್ನು ಸಣ್ಣಗೆ ಹೆಚ್ಚಿ ಕರಗಿಸಿ. ಪಾತ್ರೆಯಲ್ಲಿ ಎರಡು ಬೆರಳು ನೀರು ಕುದಿಸಿ, ಉರಿ ಆರಿಸಿ, ಮೇಲೆ ಒಣಗಿದ ಸ್ಟೀಲ್ ಬಟ್ಟಲು ಇಡಿ. ಬಟ್ಟಲಿನ ತಳ ನೀರಿಗೆ ತಾಗಬಾರದು, ಆವಿ ಸಾಕು. ಬಟ್ಟಲು ಪಾತ್ರೆಯ ಬಾಯಿಗಿಂತ ಅಗಲವಿರಲಿ, ಇಲ್ಲದಿದ್ದರೆ ಪಕ್ಕದಿಂದ ಏರಿದ ಆವಿ ನೀರಾಗಿ ಒಳಗೆ ಬೀಳುತ್ತದೆ. ಬಿಳಿ ಚಾಕೊಲೇಟ್ ಬಿಸಿಗೆ ಬಲು ಸೂಕ್ಷ್ಮ, ಜಾಸ್ತಿ ಬಿಸಿಯಾದರೆ ತರಿತರಿ ಆಗುತ್ತದೆ. ಮುಕ್ಕಾಲು ಕರಗಿದಾಗಲೇ ಕೆಳಗಿಳಿಸಿ, ಉಳಿದದ್ದು ಕೈಯಾಡಿಸುವಾಗ ತಾನೇ ಕರಗುತ್ತದೆ. ಅದಕ್ಕೆ ಪೀನಟ್ ಬಟರ್ ಸೇರಿಸಿ, ಬೆಚ್ಚಗಿದ್ದಾಗ ಬೆಣ್ಣೆ, ಕೊನೆಗೆ ಸಕ್ಕರೆ ಪುಡಿ. ನುಣ್ಣಗಾದ ಮೇಲೆ ಬಿಸ್ಕತ್ತಿನ ಮೇಲೆ ಹರಡಿ. ಸುಮಾರು ಒಂದು ಸೆಂಟಿಮೀಟರ್ ದಪ್ಪ ಬರುತ್ತದೆ. ಒಂದು ಗಂಟೆ ಫ್ರಿಜ್ಜಿನಲ್ಲಿಡಿ.

ಈಗ ಮೇಲಿನ ಪದರ. ಚಾಕೊಲೇಟ್ ಕೊಳ್ಳುವಾಗ ಪೊಟ್ಟಣದ ಹಿಂದೆ ಏನಿದೆ ಅಂತ ಓದಿ. ಕೋಕೋ ಬಟರ್ ಅಂತ ಇದ್ದರೆ ಅದು ನಿಜವಾದ ಚಾಕೊಲೇಟ್. ಹೈಡ್ರೋಜನೇಟೆಡ್ ವನಸ್ಪತಿ ಕೊಬ್ಬು ಅಂತ ಇದ್ದರೆ ಕಾಂಪೌಂಡ್. ಬೇಕರಿ ಸಾಮಾನಿನ ಅಂಗಡಿಯಲ್ಲಿ ಅರ್ಧ ಕೆಜಿ ಇಟ್ಟಿಗೆಯಾಗಿ ಸಿಗುವುದು ಹೆಚ್ಚಾಗಿ ಎರಡನೆಯದೇ. ಕಾಂಪೌಂಡ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಬೇಸಿಗೆಯಲ್ಲಿ ಅದು ಹೊರಗೆ ಜಾಸ್ತಿ ಹೊತ್ತು ನಿಲ್ಲುತ್ತದೆ. ಆದರೆ ಫ್ರಿಜ್ಜಿನಿಂದ ತೆಗೆದಾಗ ತುಂಬ ಗಡುಸು, ಬಾಯಲ್ಲಿ ಮೇಣದ ಅಂಟು ಉಳಿಸುತ್ತದೆ. ಮಧ್ಯದಲ್ಲಿ ಇಷ್ಟು ಒಳ್ಳೆಯ ಶೇಂಗಾ ಇಟ್ಟು ಮೇಲೆ ಅದನ್ನು ಹಚ್ಚಲು ಮನಸ್ಸು ಬರುವುದಿಲ್ಲ. ಶೇಕಡಾ 50ರ ಆಸುಪಾಸು ಕೋಕೋ ಇರುವ ಡಾರ್ಕ್ ಚಾಕೊಲೇಟ್ ನನ್ನ ಆಯ್ಕೆ. ಮಕ್ಕಳಿಗೆ ಕಹಿ ಅನಿಸಿದರೆ ಅರ್ಧ ಡಾರ್ಕ್, ಅರ್ಧ ಹಾಲಿನ ಚಾಕೊಲೇಟ್.

ನಿಮ್ಮ ಚಾಕೊಲೇಟ್ ಏಕೆ ಎದ್ದು ಬಂತು ಅನ್ನುವುದಕ್ಕೆ ಎರಡು ಕಾರಣ. ಒಂದು, ಬರೀ ಚಾಕೊಲೇಟನ್ನೇ ಕರಗಿಸಿ ಸುರಿದಿದ್ದೀರಿ ಅಂತ ಕಾಣುತ್ತದೆ. ಕೋಕೋ ಬಟರ್ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತದೆ. ಅಚ್ಚಿನಲ್ಲಿ ಚಾಕೊಲೇಟ್ ಮಾಡುವವರಿಗೆ ಇದು ವರ. ಕುಗ್ಗುವುದರಿಂದಲೇ ಅದು ಅಚ್ಚು ಬಿಟ್ಟು ಹೊಳೆಯುತ್ತಾ ಬೀಳುತ್ತದೆ. ನಮಗೆ ಅದೇ ಶಾಪ, ಕೆಳಗಿನ ಪದರದಿಂದ ಕೈ ಬಿಡಿಸಿಕೊಳ್ಳುತ್ತದೆ. ಎರಡು, ನಡುವಿನ ಪದರ ಫ್ರಿಜ್ಜಿನಿಂದ ಹೊರಬಂದಾಗ ಗಾಳಿಯ ತೇವ ಅದರ ಮೇಲೆ ಸಣ್ಣ ಹನಿಯಾಗಿ ಕೂತಿರುತ್ತದೆ. ಎಣ್ಣೆಯ ಪದರ, ನೀರಿನ ಹನಿ, ಮೇಲೆ ಮತ್ತೆ ಕೊಬ್ಬು. ಅಂಟುವುದಾದರೂ ಹೇಗೆ?

ಪರಿಹಾರ ನಿಮ್ಮ ಬಟ್ಟಲಿನಲ್ಲೇ ಇದೆ. 150 ಗ್ರಾಂ ಚಾಕೊಲೇಟ್ ಕರಗಿಸುವಾಗ ಮೂರು ದೊಡ್ಡ ಚಮಚ ಪೀನಟ್ ಬಟರ್ ಅದರೊಳಗೆ ಸೇರಿಸಿ. ಅದರಲ್ಲಿರುವ ಶೇಂಗಾ ಎಣ್ಣೆ ಕೋಕೋ ಬಟರಿನ ಗಡಸುತನ ಮುರಿಯುತ್ತದೆ. ಗಟ್ಟಿಯಾದ ಮೇಲೂ ಚಾಕುವಿಗೆ ಬಗ್ಗುತ್ತದೆ, ಒಡೆಯುವುದಿಲ್ಲ. ಮೇಲಿನ ಪದರದಲ್ಲೂ ನಡುವಿನ ಪದರದಲ್ಲೂ ಒಂದೇ ಎಣ್ಣೆ ಇರುವುದರಿಂದ ಎರಡೂ ಚೆನ್ನಾಗಿ ಕೂಡಿಕೊಳ್ಳುತ್ತವೆ. ರುಚಿಗೂ ಇದೇ ಒಳ್ಳೆಯದು. ಅಮೆರಿಕದ ಪೆನ್ಸಿಲ್ವೇನಿಯಾದ ಹರ್ಷೆ ಎಂಬ ಊರಿನಲ್ಲಿ 1928ರಲ್ಲಿ ಎಚ್. ಬಿ. ರೀಸ್ ಪೀನಟ್ ಬಟರ್ ಕಪ್ ಮಾಡಲು ಶುರುಮಾಡಿದಾಗಿನಿಂದ ಆ ದೇಶದವರ ನಾಲಿಗೆಗೆ ಹತ್ತಿದ್ದು ಈ ಜೋಡಿಯೇ: ಸಿಹಿ ಚಾಕೊಲೇಟಿನ ತೆಳು ಗೋಡೆ, ಒಳಗೆ ಉಪ್ಪುಪ್ಪಾದ ಶೇಂಗಾ. ಓಹಾಯೋ ರಾಜ್ಯದಲ್ಲಿ ಪೀನಟ್ ಬಟರನ್ನು ಉಂಡೆ ಕಟ್ಟಿ ಚಾಕೊಲೇಟಿಗೆ ಅದ್ದುವ ಬಕೈ ಇರಲಿ, ಶಾಲೆಗಳ ಊಟದ ಮನೆಯಲ್ಲಿ ದೊಡ್ಡ ತಟ್ಟೆಗಳಲ್ಲಿ ಮಾಡುತ್ತಿದ್ದ ಪೀನಟ್ ಬಟರ್ ಬಾರ್ ಇರಲಿ, ಎಲ್ಲದರಲ್ಲೂ ಅದೇ ಲೆಕ್ಕ. ಚಾಕೊಲೇಟ್ ತೆಳ್ಳಗೆ, ಶೇಂಗಾ ದಪ್ಪಗೆ. ಮೇಲೆ ಮೂರು ನಾಲ್ಕು ಮಿಲಿಮೀಟರಿಗಿಂತ ದಪ್ಪ ಬೇಡ.

ಕ್ರೀಮ್ ಸೇರಿಸಿ ಗನಾಶ್ ಕೂಡ ಮಾಡಬಹುದು. 150 ಗ್ರಾಂ ಡಾರ್ಕ್ ಚಾಕೊಲೇಟಿಗೆ 100 ಗ್ರಾಂ ಟೆಟ್ರಾ ಪ್ಯಾಕಿನ ಫ್ರೆಶ್ ಕ್ರೀಮ್. ಬಿಸಿ ಕ್ರೀಮನ್ನು ಹೆಚ್ಚಿದ ಚಾಕೊಲೇಟಿನ ಮೇಲೆ ಸುರಿದು, ಎರಡು ನಿಮಿಷ ಬಿಟ್ಟು, ನಡುವಿನಿಂದ ಕಲಸುತ್ತಾ ಬನ್ನಿ. ಇದು ರೇಷ್ಮೆಯಷ್ಟು ನುಣುಪು, ಕತ್ತರಿಸಲು ಸುಲಭ. ಆದರೆ ಕೈಯಲ್ಲಿ ಹಿಡಿದರೆ ಅಂಟುತ್ತದೆ, ಪ್ರಯಾಣಕ್ಕೆ ಆಗುವುದಿಲ್ಲ. ಮನೆಯಲ್ಲೇ ತಟ್ಟೆಯಲ್ಲಿಟ್ಟು ಚಮಚದಲ್ಲಿ ತಿನ್ನುವುದಾದರೆ ಇದು, ಹುಬ್ಬಳ್ಳಿಗೆ ಪೀನಟ್ ಬಟರ್ ಸೇರಿಸಿದ್ದೇ ಸರಿ.

ಚಾಕೊಲೇಟ್ ಕರಗಿಸುವಾಗ ಒಂದು ಹನಿ ನೀರು ಬಿದ್ದು ಅದು ತಟ್ಟನೆ ಗಟ್ಟಿ ಮುದ್ದೆಯಾದರೆ ಎಸೆಯಬೇಡಿ. ಹನಿ ನೀರಿಗೆ ಅದರೊಳಗಿನ ಸಕ್ಕರೆ, ಕೋಕೋ ಕಣಗಳು ಅಂಟಿಕೊಂಡಿರುತ್ತವೆ, ಅಷ್ಟೇ. ಬಿಸಿ ಕ್ರೀಮನ್ನೋ ಬಿಸಿ ಹಾಲನ್ನೋ ಚಮಚ ಚಮಚವಾಗಿ ಹಾಕುತ್ತಾ ಕಲಸಿ. ಸಾಕಷ್ಟು ದ್ರವ ಸಿಕ್ಕ ಮೇಲೆ ಬಿಡಿಸಿಕೊಂಡು ನುಣ್ಣಗಾಗುತ್ತದೆ. ಅದನ್ನು ಈ ತಟ್ಟೆಗೆ ಗನಾಶ್ ಆಗಿ ಬಳಸಿಬಿಡಿ.

ಸುರಿಯುವ ಮುಂಚೆ ಮೂರು ಕೆಲಸ. ನಡುವಿನ ಪದರವನ್ನು ಹೊರಗೆ ತೆಗೆದು ಹತ್ತು ನಿಮಿಷ ಬಿಡಿ, ಕೊರೆಯುವ ತಣ್ಣಗೆ ಇರಬಾರದು. ಮೇಲೆ ತೇವ ಕಂಡರೆ ಟಿಶ್ಯೂ ಕಾಗದದಿಂದ ಒತ್ತಿ ತೆಗೆಯಿರಿ. ಆಮೇಲೆ ಫೋರ್ಕಿನಿಂದ ಹಗುರವಾಗಿ ಗೀರು ಎಳೆಯಿರಿ. ಚಾಕೊಲೇಟ್ ಆ ಗೀರಿನೊಳಗೆ ಇಳಿದು ಹಿಡಿದುಕೊಳ್ಳುತ್ತದೆ. ಚಾಕೊಲೇಟ್ ಮಣಿಕಟ್ಟಿಗೆ ಮುಟ್ಟಿಸಿದರೆ ಬೆಚ್ಚಗೆ ಅನಿಸುವಷ್ಟಿರಲಿ, ಸುಡಬಾರದು. ಬಿಸಿ ಜಾಸ್ತಿ ಇದ್ದರೆ ನಡುವಿನ ಪದರದ ಮೇಲ್ಮೈ ಕರಗಿ ಎರಡೂ ಕಲಸಿಹೋಗುತ್ತವೆ.

ಸುರಿದು, ತಟ್ಟೆಯನ್ನು ವಾಲಿಸಿ ಸಮ ಮಾಡಿ, ಕಟ್ಟೆಗೆ ಎರಡು ಸಲ ಮೆಲ್ಲಗೆ ತಟ್ಟಿ. ಫ್ರಿಜ್ಜಿನಲ್ಲಿಟ್ಟು ಹದಿನೈದು ಇಪ್ಪತ್ತು ನಿಮಿಷಕ್ಕೆ ಒಮ್ಮೆ ನೋಡಿ. ಹೊಳಪು ಹೋಗಿ ಬೆರಳಿಗೆ ಅಂಟದ, ಆದರೆ ಇನ್ನೂ ಮೆತ್ತಗಿರುವ ಹದ ಒಂದು ಬರುತ್ತದೆ. ಆಗಲೇ ಚಾಕುವಿನಿಂದ ಚಾಕೊಲೇಟಿನ ಮೇಲೆ ಮಾತ್ರ ಗೆರೆ ಹಾಕಿ, ಕೊಬ್ಬರಿ ಮಿಠಾಯಿಗೆ ಹಾಕುತ್ತೀರಲ್ವಾ, ಹಾಗೆ. ಚೌಕ ಚಿಕ್ಕದಿರಲಿ, ಮೂರು ಸೆಂಟಿಮೀಟರ್ ಸಾಕು. ಇದು ತುಂಬ ಜಿಡ್ಡಿನ ಸಿಹಿ, ದೊಡ್ಡ ತುಂಡು ಯಾರಿಂದಲೂ ಮುಗಿಯುವುದಿಲ್ಲ. ಮತ್ತೆ ಒಳಗಿಟ್ಟು ಕನಿಷ್ಠ ಮೂರು ಗಂಟೆ ಬಿಡಿ. ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು. ಕತ್ತರಿಸುವಾಗ ಉದ್ದ ಚಾಕುವನ್ನು ಬಿಸಿನೀರಿಗೆ ಅದ್ದಿ, ಒರೆಸಿ, ಹಾಕಿದ ಗೆರೆಯ ಮೇಲೇ ನೇರ ಕೆಳಕ್ಕೆ ಒತ್ತಿ. ಗರಗಸದ ಹಾಗೆ ಹಿಂದೆ ಮುಂದೆ ಎಳೆಯಬೇಡಿ. ಪ್ರತಿ ಸಲವೂ ಒರೆಸಿ, ಇಲ್ಲದಿದ್ದರೆ ಕಂದು ಬಣ್ಣ ಶೇಂಗಾ ಪದರಕ್ಕೆ ಮೆತ್ತಿಕೊಂಡು ಪದರಗಳು ಕಾಣುವುದೇ ಇಲ್ಲ.

ಚಮಚದಲ್ಲಿ ತಿನ್ನುವ ಮೆತ್ತನೆಯ ರೂಪವೂ ಇದಕ್ಕಿದೆ. ಅಮೆರಿಕದಲ್ಲಿ ಅದನ್ನು ಇನ್‌ಸ್ಟಂಟ್ ಪುಡಿಂಗ್ ಪೊಟ್ಟಣ, ಡಬ್ಬಿಯ ಕ್ರೀಮ್ ಬಳಸಿ ಮಾಡುತ್ತಾರೆ. ನಮಗೆ ಎರಡೂ ಬೇಕಿಲ್ಲ. ಅರ್ಧ ಲೀಟರ್ ಹಾಲು, ಮೂರು ದೊಡ್ಡ ಚಮಚ ಕಾರ್ನ್‌ಫ್ಲೋರ್, ಅಷ್ಟೇ ಕೋಕೋ, 80 ಗ್ರಾಂ ಸಕ್ಕರೆ ಸೇರಿಸಿ ಒಲೆಯ ಮೇಲೆ ಕುದಿಸಿದರೆ ಚಾಕೊಲೇಟ್ ಪದರ ಸಿದ್ಧ. ನೀರು ಬಸಿದ ಗಟ್ಟಿ ಮೊಸರು ಒಂದು ಕಪ್, ಪೀನಟ್ ಬಟರ್ ಅರ್ಧ ಕಪ್, ಸಕ್ಕರೆ ಪುಡಿ ಕಲಸಿದರೆ ಇನ್ನೊಂದು. ಮೊಸರು ಸಿಹಿಯದ್ದಾಗಿರಲಿ, ಹುಳಿ ಬಂದದ್ದು ಬೇಡ. ಗಾಜಿನ ಲೋಟದಲ್ಲಿ ಬಿಸ್ಕತ್ತು ಪುಡಿ, ಇದು, ಅದು ಅಂತ ಪದರ ಹಾಕಿ ತಣ್ಣಗೆ ಮಾಡಿ. ಇಲ್ಲಿ ನೀರು ಸಾಕಷ್ಟು ಇರುವುದರಿಂದ ಶೇಂಗಾ ಗಂಟಾಗುವುದಿಲ್ಲ, ಎಣ್ಣೆಯೂ ಬಿಡುವುದಿಲ್ಲ. ಕತ್ತರಿಸುವ ತಲೆನೋವೇ ಇಲ್ಲ. ಆದರೆ ಎರಡು ದಿನದೊಳಗೆ ತಿಂದು ಮುಗಿಸಬೇಕು. ಹಾಲಿನ ಕ್ರೀಮ್ ನೊರೆ ಬರಿಸಿ ಸೇರಿಸುವುದಾದರೆ ಶೇಕಡಾ 25 ಕೊಬ್ಬಿನ ಸಾಧಾರಣ ಫ್ರೆಶ್ ಕ್ರೀಮ್ ಆಗುವುದಿಲ್ಲ, ಎಷ್ಟು ಕಡೆದರೂ ನೊರೆ ನಿಲ್ಲುವುದಿಲ್ಲ. 35ರ ಆಸುಪಾಸಿನ ವಿಪ್ಪಿಂಗ್ ಕ್ರೀಮ್ ಬೇಕು. ಕೆಲವರು ಚೈನಾ ಗ್ರಾಸ್ ಹಾಕಿ ಗಟ್ಟಿ ಮಾಡುತ್ತಾರೆ. ಬಿಸಿಲಿಗೆ ಕರಗದೆ ನಿಲ್ಲುತ್ತದೆ, ನಿಜ. ಆದರೆ ಬೆಣ್ಣೆಯಂತೆ ಕರಗಬೇಕಾದದ್ದು ಬಾಯಲ್ಲಿ ಚೂರುಚೂರಾಗಿ ಒಡೆಯುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ.

ಇನ್ನು ನಿಮ್ಮ ಹುಬ್ಬಳ್ಳಿ ಪ್ರಯಾಣ. ಮೇ ತಿಂಗಳಲ್ಲಿ ನಿಮ್ಮ ಕಡೆ ಬಿಸಿಲು 38, 39 ಮುಟ್ಟುತ್ತದೆ. ಕೋಕೋ ಬಟರ್, ಬೆಣ್ಣೆ ಎರಡೂ ಅಷ್ಟರಲ್ಲಿ ನೀರಾಗಿರುತ್ತವೆ. ನಿಂತ ಕಾರಿನೊಳಗೆ ಇನ್ನೂ ಜಾಸ್ತಿ. ಹಿಂದಿನ ದಿನವೇ ಕತ್ತರಿಸಿ, ಒಂದರ ಮೇಲೊಂದು ಜೋಡಿಸುವ ತುಂಡುಗಳ ನಡುವೆ ಬಟರ್ ಪೇಪರ್ ಇಟ್ಟು ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ತುಂಬಿ, ರಾತ್ರಿಯಿಡೀ ಫ್ರೀಜರಿನಲ್ಲಿಡಿ. ಬೆಳಿಗ್ಗೆ ಆ ಡಬ್ಬಿಯನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಸುತ್ತ ಐಸ್ ಪ್ಯಾಕ್ ಜೋಡಿಸಿ. ಸಿಗದಿದ್ದರೆ ಪುಟ್ಟ ಬಾಟಲಿಗಳಲ್ಲಿ ನೀರು ಹೆಪ್ಪುಗಟ್ಟಿಸಿ ಇಡಿ. ಖಾಲಿ ಜಾಗಕ್ಕೆ ಟವೆಲ್ ತುರುಕಿ. ಡಿಕ್ಕಿಯಲ್ಲಿ ಬೇಡ, ಏಸಿ ತಾಗುವ ಸೀಟಿನ ಕೆಳಗೆ ಇಡಿ. ಎರಡೂವರೆ ಮೂರು ಗಂಟೆ ಹೀಗೆ ಧಾರಾಳವಾಗಿ ನಿಲ್ಲುತ್ತದೆ, ಬೇಗ ಹೊರಟರೆ ಇನ್ನೂ ಸಲೀಸು.

ತಲುಪಿದ ಮೇಲೆ ಡಬ್ಬಿಯ ಮುಚ್ಚಳ ಕೂಡಲೇ ತೆಗೆಯಬೇಡಿ. ತಣ್ಣಗಿನ ಚಾಕೊಲೇಟಿಗೆ ಹೊರಗಿನ ಗಾಳಿ ತಾಗಿದರೆ ಅದರ ಮೇಲೆ ನೀರು ಕೂತು, ಆಮೇಲೆ ಬಿಳಿ ಕಲೆಯಾಗಿ ಉಳಿಯುತ್ತದೆ. ಮುಚ್ಚಿದ ಹಾಗೆಯೇ ತಂಗಿಯ ಫ್ರಿಜ್ಜಿನಲ್ಲಿಟ್ಟು, ಎರಡು ಗಂಟೆ ಬಿಟ್ಟು, ಬಡಿಸುವ ಐದು ನಿಮಿಷ ಮುಂಚೆ ಹೊರಗೆ ತೆಗೆಯಿರಿ. ಬೆಣ್ಣೆಯೂ ಚಾಕೊಲೇಟೂ ಪಕ್ಕದ ವಾಸನೆಯನ್ನು ಬೇಗ ಎಳೆದುಕೊಳ್ಳುತ್ತವೆ, ಹೆಚ್ಚಿಟ್ಟ ಈರುಳ್ಳಿ, ಸಾರಿನ ಪಾತ್ರೆಯಿಂದ ದೂರ ಇಡಲು ಹೇಳಿ. ಫ್ರಿಜ್ಜಿನಲ್ಲಿ ಐದಾರು ದಿನ, ಫ್ರೀಜರಿನಲ್ಲಿ ಒಂದು ತಿಂಗಳು ಕೆಡದೆ ಇರುತ್ತದೆ.

ಮತ್ತೊಂದು ವಿಷಯ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಅಲ್ಲಿ ಬೇರೆ ಮನೆಯ ಮಕ್ಕಳೂ ಸೇರುವುದಾದರೆ ಯಾರಿಗಾದರೂ ಶೇಂಗಾ ಒಗ್ಗುವುದಿಲ್ಲವೇ ಅಂತ ಮೊದಲೇ ಅವರ ತಂದೆ ತಾಯಿಯನ್ನು ಕೇಳಿ. ಶೇಂಗಾ ಅಲರ್ಜಿ ಇರುವ ಮಗುವಿಗೆ ಒಂದು ಚೂರೂ ಅಪಾಯವೇ. ಮೇಲೆ ಚಾಕೊಲೇಟ್ ಮುಚ್ಚಿರುವುದರಿಂದ ಒಳಗೆ ಶೇಂಗಾ ಇದೆ ಅಂತ ಮಕ್ಕಳಿಗೆ ಗೊತ್ತಾಗುವುದಿಲ್ಲ. ಡಬ್ಬಿಯ ಮೇಲೆ ‘ಶೇಂಗಾ ಇದೆ’ ಅಂತ ಒಂದು ಚೀಟಿ ಅಂಟಿಸಿ, ತಂಗಿಗೂ ಫೋನಿನಲ್ಲಿ ಮೊದಲೇ ಹೇಳಿಡಿ.